ಮಟಮಟ ಮಧ್ಯಾಹ್ನ ಸೋಲಾರ್ ಇನ್ವರ್ಟರ್ ನಿಲ್ಲುತ್ತಿದೆಯೇ? ದೋಷ ಹುಡುಕುವ ಬಗೆ

ಒಳ್ಳೆಯ ಬಿಸಿಲಿರುವಾಗಲೇ ಚಾವಣಿ ಸೋಲಾರ್‌ನ ಇನ್ವರ್ಟರ್ ಪದೇ ಪದೇ ಬಂದ್ ಆಗುತ್ತಿದ್ದರೆ ಪ್ಯಾನೆಲ್‌ಗಳನ್ನು ದೂರಬೇಡಿ, ಮೊದಲು ಲೈನಿನ ವೋಲ್ಟೇಜ್ ನೋಡಿ. ಮನೆಯ ಕರೆಂಟು ಲೈನಿಗೆ ಹರಿಯಬೇಕಾದರೆ ಇನ್ವರ್ಟರಿನ ವೋಲ್ಟೇಜ್ ಲೈನಿಗಿಂತ ತುಸು ಮೇಲಿರಲೇಬೇಕು. ಬೀದಿಯಲ್ಲಿ ಬಳಕೆ ಇಳಿದು ಉತ್ಪಾದನೆ ಏರಿದ ಹೊತ್ತಿನಲ್ಲಿ ಅದು ಮಿತಿ ದಾಟುತ್ತದೆ.

ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮಗಳ ಪ್ರಕಾರ ವೋಲ್ಟೇಜ್ ಶೇ 80ಕ್ಕಿಂತ ಇಳಿದರೆ ಅಥವಾ ಶೇ 110 ದಾಟಿದರೆ 2 ಸೆಕೆಂಡಿನೊಳಗೆ ಇನ್ವರ್ಟರ್ ಲೈನಿಗೆ ಕರೆಂಟು ಕೊಡುವುದನ್ನು ನಿಲ್ಲಿಸಬೇಕು. 230 ವೋಲ್ಟ್ ಲೆಕ್ಕದಲ್ಲಿ ಇವು 184 ಮತ್ತು 253. ಲೈನ್ ಸರಿಹೋಗಿ 60 ಸೆಕೆಂಡಾದರೂ ಸ್ಥಿರವಾಗಿ ನಿಂತ ಮೇಲಷ್ಟೇ ಮತ್ತೆ ಸೇರಬೇಕು.

ಮೊದಲು ಇನ್ವರ್ಟರಿನ ಆ್ಯಪ್‌ನಲ್ಲಿ ದೋಷದ ಪಟ್ಟಿ ತೆರೆದು, ಓವರ್ ವೋಲ್ಟೇಜ್ ಯಾವ ಯಾವ ಹೊತ್ತಿನಲ್ಲಿ ದಾಖಲಾಗಿದೆ ಎಂದು ಬರೆದಿಟ್ಟುಕೊಳ್ಳಿ. ನಂತರ ಅದೇ ಹೊತ್ತಿನಲ್ಲಿ, ಉತ್ಪಾದನೆ ಜೋರಾಗಿರುವಾಗ, ಇನ್ವರ್ಟರ್ ತೋರಿಸುವ ವೋಲ್ಟೇಜನ್ನೂ ಮೀಟರ್ ಬಳಿಯ ವೋಲ್ಟೇಜನ್ನೂ ಒಟ್ಟಿಗೆ ನೋಡಿ. ಸೋಲಾರ್ ಆಫ್ ಮಾಡಿ ಮೀಟರ್ ಬಳಿ ಇನ್ನೊಮ್ಮೆ ಅಳೆಯಿರಿ. ಮುಚ್ಚಳ ಬಿಚ್ಚಿ ಅಳೆಯಬೇಕಾದರೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರನ್ನೇ ಕರೆಯಿರಿ.

ಇನ್ವರ್ಟರಿಗೂ ಮೀಟರಿಗೂ ನಡುವೆ ಐದಾರು ವೋಲ್ಟ್ ಅಂತರವಿದ್ದರೆ ದೋಷ ನಿಮ್ಮ ಕೇಬಲ್‌ನದೇ. ಲೆಕ್ಕ ಹೀಗಿದೆ: 5 ಕಿಲೋವ್ಯಾಟ್ ಸಿಂಗಲ್ ಫೇಸ್ ಇನ್ವರ್ಟರ್ ಸುಮಾರು 22 ಆಂಪಿಯರ್ ಕೊಡುತ್ತದೆ. 30 ಮೀಟರ್ ದೂರಕ್ಕೆ 4 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಎಳೆದಿದ್ದರೆ ಹೋಗಿ ಬರುವ ತಂತಿ ಸೇರಿ 6 ವೋಲ್ಟ್ ಏರುತ್ತದೆ. 10 ಚದರ ಮಿಲಿಮೀಟರಿನ ಕೇಬಲ್ ಹಾಕಿದರೆ ಏರಿಕೆ ಎರಡೂವರೆ ವೋಲ್ಟ್ ಆಸುಪಾಸು. ಕೇಬಲ್ ದಪ್ಪಗಿದ್ದೂ ಅಂತರ ಉಳಿದರೆ, ಮೇನ್ ಆಫ್ ಮಾಡಿಸಿ ಎಂಸಿಬಿ ಮತ್ತು ಐಸೊಲೇಟರಿನ ಸ್ಕ್ರೂಗಳನ್ನು ಬಿಗಿ ಮಾಡಿಸಿ. ಕಪ್ಪಾಗಿ ಸುಟ್ಟ ಟರ್ಮಿನಲ್ ಕಂಡರೆ ಬಿಗಿ ಮಾಡಿದರೆ ಸಾಲದು, ಬದಲಿಸಲೇಬೇಕು.

ಮೂರು ಫೇಸ್ ಮನೆಯಲ್ಲಿ ಒಂದು ಫೇಸ್ 200ಕ್ಕೆ ಕುಸಿದು ಇನ್ನೊಂದು 260 ದಾಟಿದರೆ ನ್ಯೂಟ್ರಲ್ ಸಡಿಲವಾಗಿದೆಯೆಂದೇ ಶಂಕಿಸಿ. ಟಿವಿ, ಫ್ರಿಜ್ ಸುಡುವುದು ಇದರಿಂದಲೇ. ತಡಮಾಡದೆ ಮೇನ್ ಆಫ್ ಮಾಡಿ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ.

ಸೋಲಾರ್ ಆಫ್ ಇದ್ದರೂ ಮೀಟರ್ ಬಳಿ 244ಕ್ಕಿಂತ ಹೆಚ್ಚಿದ್ದರೆ ಕೆಲಸ ಎಸ್ಕಾಂನದು, ಅಂದರೆ ಕರೆಂಟು ಕೊಡುವ ಕಂಪನಿಯದು. ಹೊತ್ತು ಮತ್ತು ವೋಲ್ಟೇಜ್ ಬರೆದ ಪಟ್ಟಿಯನ್ನು ದೂರಿನ ಜತೆ ಲಗತ್ತಿಸಿ. ದೊಡ್ಡ ಟಿಸಿಗಳಲ್ಲಿ (ಬೀದಿಯ ಟ್ರಾನ್ಸ್‌ಫಾರ್ಮರ್) ವೋಲ್ಟೇಜ್ ಹೊಂದಿಸುವ ಟ್ಯಾಪ್ ಬದಲಿಸಿ ಸಾಮಾನ್ಯವಾಗಿ ಶೇ 2.5ರಷ್ಟು, ಅಂದರೆ ಸುಮಾರು 6 ವೋಲ್ಟ್ ಇಳಿಸಬಹುದು. ಸಣ್ಣ ಟಿಸಿಗಳಲ್ಲಿ ಟ್ಯಾಪ್ ಇರುವುದೇ ಅಪರೂಪ. ಅಲ್ಲಿ ಒಂದೇ ಫೇಸಿಗೆ ಬಿದ್ದ ಸೋಲಾರ್ ಮನೆಗಳನ್ನು ಮೂರೂ ಫೇಸಿಗೆ ಹಂಚಬೇಕು.

ಇಷ್ಟಾದ ಮೇಲಷ್ಟೇ ಇನ್ವರ್ಟರ್ ಸೆಟ್ಟಿಂಗ್ ಮುಟ್ಟಿ, ಅದೂ ಇನ್‌ಸ್ಟಾಲರ್ ಮೂಲಕ, ಎಸ್ಕಾಂ ಒಪ್ಪಿಗೆ ಪಡೆದು. ವೋಲ್ಟ್-ವ್ಯಾಟ್ ಸೌಲಭ್ಯವಿದ್ದರೆ ಅದನ್ನು ಹಾಕಿಸಿ: ಉದಾಹರಣೆಗೆ 246 ವೋಲ್ಟಿನಿಂದ ಉತ್ಪಾದನೆಯನ್ನು ಮೆಲ್ಲಗೆ ತಗ್ಗಿಸುತ್ತ ಹೋದರೆ ಇನ್ವರ್ಟರ್ ಪೂರ್ತಿ ನಿಲ್ಲುವುದಿಲ್ಲ, ನಷ್ಟವೂ ಕಡಿಮೆ. ರಿಯಾಕ್ಟಿವ್ ಪವರ್ (ಕೆಲಸ ಮಾಡದೆ ಲೈನಿನಲ್ಲಿ ಹೋಗಿಬರುವ ಶಕ್ತಿ) ಹೀರಿ ವೋಲ್ಟೇಜ್ ತಗ್ಗಿಸುವ ವೋಲ್ಟ್-ವಾರ್ ಕೂಡ ನೆರವಾಗುತ್ತದೆ; ಆದರೆ ಮನೆಗಳ ಲೈನಿನಲ್ಲಿ ರೆಸಿಸ್ಟೆನ್ಸ್ ಪಾಲೇ ಹೆಚ್ಚಾದ್ದರಿಂದ ಅದರ ಫಲ ಅಷ್ಟಕ್ಕಷ್ಟೆ.

253ರ ಮಿತಿಯನ್ನೇ 270ಕ್ಕೆ ಏರಿಸಿಕೊಡುತ್ತೇವೆ ಎನ್ನುವವರ ಮಾತಿಗೆ ಮಾತ್ರ ಒಪ್ಪಬೇಡಿ. ಆ ವೋಲ್ಟೇಜನ್ನು ನಿಮ್ಮ ಮನೆಯ ಉಪಕರಣಗಳೂ ಪಕ್ಕದ ಮನೆಯವೂ ತಾಳಬೇಕಾಗುತ್ತದೆ. ಕರೆಂಟು ಹೋದಾಗ ಇನ್ವರ್ಟರನ್ನು ಲೈನಿನಿಂದ ಬಿಡಿಸಿ ಲೈನ್‌ಮನ್ ಜೀವ ಕಾಯುವ ಆ್ಯಂಟಿ-ಐಲ್ಯಾಂಡಿಂಗ್ ರಕ್ಷಣೆಯೂ ಇಂಥ ಮಿತಿಗಳನ್ನು ನೆಚ್ಚಿಕೊಂಡಿದೆ. ಇನ್ವರ್ಟರಿಗೂ ಲೈನಿಗೂ ನಡುವೆ ಮನೆಬಳಕೆಯ ಸ್ಟೆಬಿಲೈಸರ್ ಹಾಕುವುದೂ ಬೇಡ. ಲೈನಿನತ್ತ ಕರೆಂಟು ಕಳಿಸುವುದಕ್ಕೆ ಅದನ್ನು ಮಾಡಿಲ್ಲ.