ಸಲಿಕೆಗೆ ಸಿಕ್ಕ ಎರೆಹುಳು

ಧಾರವಾಡದ ನಮ್ಮ ಹಿತ್ತಲಲ್ಲಿ ಎರೆಗೊಬ್ಬರದ ತೊಟ್ಟಿ ಇದೆ. ಒಮ್ಮೆ ಗೊಬ್ಬರ ತೆಗೆಯುವಾಗ ಸಲಿಕೆ ತಾಗಿ ಒಂದು ಹುಳು ಎರಡು ತುಂಡಾಯಿತು. "ಇರ್ಲಿ ಬಿಡೋ ತಮ್ಮಾ, ಎರಡು ಹುಳ ಆಗ್ತಾವ" ಅಂದಳು ಅವ್ವ. ಆಗಲ್ಲ ಅಂತ ಪಿಯು ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. ಆದರೆ ಕಣ್ಣಾರೆ ನೋಡಿರಲಿಲ್ಲ.

ತುಂಡುಗಳನ್ನು ಡಬ್ಬಿಗೆ ಹಾಕಿದೆ. ಮೊದಲ ಸಲ ಹಸಿ ಸೆಗಣಿ ತುಂಬಿದ್ದೆ. ಅದರ ಕಾವು ಏರಿ ಎರಡೂ ತುಂಡು ಸತ್ತವು. ಆಮೇಲೆ ಹಳೇ ಗೊಬ್ಬರ, ಮೇಲೆ ಒದ್ದೆ ಗೋಣಿಚೀಲ. ಬೇಕಂತಲೇ ಯಾವುದನ್ನೂ ಕತ್ತರಿಸಲಿಲ್ಲ, ಸಲಿಕೆಗೆ ಸಿಕ್ಕವೇ ಸಾಕಾದವು.

ಬಾಲದ ತುಂಡು ಸುಮ್ನೆ ಕೆಲವು ದಿನ ಹೊರಳಾಡಿ ಸತ್ತಿತು. ತಲೆಯ ತುಂಡು ಉಳಿಯಿತು. ವಾರದೊಳಗೆ ಗಾಯದ ಮೇಲೆ ಬೆಳ್ಳಗಿನ ಮೊಗ್ಗು, ಮುಂದಿನ ವಾರಗಳಲ್ಲಿ ಒತ್ತೊತ್ತಾಗಿ ಸಣ್ಣ ಉಂಗುರಗಳು. ಭೂತಗನ್ನಡಿಯಲ್ಲಿ ನೋಡಿದ ಅವ್ವ, "ಕೌದಿಗೆ ಹೊಸ ತ್ಯಾಪಿ ಹಚ್ಚಿದಂಗ ಐತಿ" ಅಂದಳು.

ಅದೇ ತೊಟ್ಟಿಯಲ್ಲಿ ಜೋಳದ ಕಾಳಿನಷ್ಟು, ನಿಂಬೆ ಆಕಾರದ ಮೊಟ್ಟೆಚೀಲಗಳೂ ಸಿಗುತ್ತವೆ. ಮರಿ ಹೊರಬರುವ ಹೊತ್ತಿಗೆ ಬೆಳಕಿಗೆ ಹಿಡಿದರೆ ಒಳಗೆ ಕೆಂಪು ರಕ್ತನಾಳ ಮಿಸುಕಾಡುವುದು ಕಾಣುತ್ತದೆ. ಅಲ್ಲಿ ಎಲ್ಲವೂ ಒಂದೇ ಜೀವಕೋಶದಿಂದ ಶುರು. ಅದು ಒಡೆದೊಡೆದು ಕೊನೆಗೆ ಹಿಂಬದಿಯಲ್ಲಿ ಕೆಲವೇ ದೊಡ್ಡ ಜೀವಕೋಶಗಳು ನಿಲ್ಲುತ್ತವೆ. ಟೀಲೊಬ್ಲಾಸ್ಟ್ ಅಂತ ಅವುಗಳ ಹೆಸರು. ಒತ್ತುಮಣೆಯಿಂದ ಶ್ಯಾವಿಗೆ ಇಳಿದ ಹಾಗೆ ಅವುಗಳಿಂದ ಮರಿಕೋಶಗಳ ಸಾಲು ಬರುತ್ತದೆ, ಆ ಸಾಲುಗಳೇ ಉಂಗುರಗಳಾಗುತ್ತವೆ.

ತಲೆಯ ತುಂಡಿಗೆ ಹೊಸ ಬಾಲ ಬೆಳೆಯುವಾಗ ಈ ಮೊದಲರ್ಧವೇ ಇಲ್ಲ. ಚರ್ಮ, ಕರುಳು, ನರದ ಹುರಿ ಎಲ್ಲ ಆಗಲೇ ಬೆಳೆದು ನಿಂತಿವೆ. ಗಾಯದ ಬಳಿಯ ಜೀವಕೋಶಗಳೇ ಮತ್ತೆ ಒಡೆಯತೊಡಗುತ್ತವೆ. ಮೊದಲು ತುದಿ ಆಗುತ್ತದೆ. ಆಮೇಲೆ ತುದಿಗೂ ಹಳೇ ಮೈಗೂ ನಡುವೆ ಉಂಗುರ ಸೇರುತ್ತಾ ಹೋಗುತ್ತದೆ. ಗಾಯದ ಹತ್ತಿರದ ಉಂಗುರ ಹಿರಿಯದು, ತುದಿಯದು ಕಿರಿಯದು. ಮೊಟ್ಟೆಯಲ್ಲೂ ಇದೇ ಕ್ರಮ, ಮುಂದಿನದು ಹಿರಿಯದು. ನನಗೆ ಇಷ್ಟವಾದದ್ದು ಇದೇ: ದಾರಿ ಶುರುವಾಗುವ ಜಾಗ ಬೇರೆ, ಕೊನೆಯ ಹೆಜ್ಜೆಗಳು ಒಂದೇ ಥರ.

ಹಾಗಂತ ಮೊಟ್ಟೆಯಲ್ಲಿ ಮಾಡಿದ್ದನ್ನು ದೊಡ್ಡದಾದ ಮೇಲೂ ಮಾಡಬಲ್ಲದು ಅನ್ನುವ ಹಾಗಿಲ್ಲ. ಜಿಗಣೆಯನ್ನೇ ನೋಡಿ. ಅದೂ ಇದೇ ಬಳಗ, ಮೊಟ್ಟೆಯಲ್ಲಿ ಇದೇ ಟೀಲೊಬ್ಲಾಸ್ಟ್. 32 ಭಾಗ ಕಟ್ಟಿ ಮುಗಿಸುತ್ತದೆ. ಆಮೇಲೆ ಒಂದು ಹೋದರೂ ಮತ್ತೆ ಬರುವುದಿಲ್ಲ.

ಎರೆಹುಳುವಿಗೆ ತಲೆ ಮತ್ತೆ ಬೆಳೆಯುವುದು ಇನ್ನೊಂದು ಕಥೆ. ಅಲ್ಲಿ ಉಂಗುರಗಳು ಒಂದರ ಹಿಂದೊಂದು ಬರುವುದಿಲ್ಲ, ಮೊಗ್ಗಿನೊಳಗೆ ಹೆಚ್ಚುಕಡಿಮೆ ಒಟ್ಟಿಗೇ ಮೂಡುತ್ತವೆ. ಮೊನ್ನೆ ಮೂತಿಯ ಮೂರ್ನಾಲ್ಕು ಉಂಗುರ ಹೋದ ಹುಳು ಸಿಕ್ಕಿದೆ. ಡಬ್ಬಿ ಅಡುಗೆಮನೆ ಕಟ್ಟೆ ಮೇಲಿದೆ. ಅವ್ವನಿಗೆ ಇನ್ನೂ ಹೇಳಿಲ್ಲ.