ಕೆಟ್ಟ ಸುದ್ದಿ ನಿಮ್ಮ ತನಕ ಬರುತ್ತಿದೆಯಾ? ಹೊಸದಾಗಿ ತಂಡ ನಡೆಸುವವರಿಗೆ

ನಾನು ಬಿಲ್ಲಿಂಗ್ ವಿಭಾಗದಲ್ಲಿ ಒಂಬತ್ತು ಜನರ ತಂಡ ನೋಡಿಕೊಳ್ಳುತ್ತೇನೆ. ಈ ಹೊಣೆ ಬಂದ ಎರಡನೇ ವರ್ಷ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ.

ತಿಂಗಳ ಕೊನೆ, ಲೆಕ್ಕ ಮುಗಿಸುವ ಗಡಿಬಿಡಿ. ಮೂರು ರಾತ್ರಿಯಿಂದ ನಾನು ನಾಲ್ಕು ಗಂಟೆಗಿಂತ ಜಾಸ್ತಿ ಮಲಗಿರಲಿಲ್ಲ. ತಂಡಕ್ಕೆ ಆಗಷ್ಟೇ ಸೇರಿದ್ದ ಒಬ್ಬರು ನನ್ನ ಮೇಜಿನ ಹತ್ತಿರ ಬಂದು, "ಮೇಡಂ, ಈ ಫೈಲಲ್ಲಿ ಕೆಲವರ ಹೆಸರು ಎರಡೆರಡು ಸಲ ಬಂದಿರೋ ಹಾಗಿದೆ" ಅಂದರು. ನಾನು ತಲೆ ಎತ್ತಲಿಲ್ಲ. "ಇದನ್ನ ಈಗಲೇ ತರಬೇಕಿತ್ತಾ? ನೀವೇ ನೋಡಿ ಸರಿ ಮಾಡ್ಕೊಳ್ಳಿ" ಅಂದೆ. ಅವರು ಸುಮ್ನೆ ವಾಪಸ್ ಹೋದರು.

ಮೂರು ವಾರದ ನಂತರ ದೂರುಗಳು ಶುರುವಾದವು. 41 ಗ್ರಾಹಕರಿಗೆ ಒಂದೇ ಬಿಲ್ ಎರಡು ಸಲ ಹೋಗಿತ್ತು. ಆ ಹೊಸಬರನ್ನು ಕರೆದು, "ಯಾಕೆ ಹೇಳಲಿಲ್ಲ?" ಅಂತ ಕೇಳಿದೆ. "ಹೇಳಿದ್ದೆ ಮೇಡಂ" ಅಂದರು.

ಆ ಮಾತು ಬಹಳ ದಿನ ನನ್ನನ್ನು ಕಾಡಿತು. ಈಗ ತಂಡದ ವಾತಾವರಣ ಚೆನ್ನಾಗಿದೆಯಾ ಅಂತ ತಿಳಿಯಲು ನಾನು ಒಂದೇ ವಿಷಯ ನೋಡುತ್ತೇನೆ. ಕೆಟ್ಟ ಸುದ್ದಿ ನನ್ನ ತನಕ ಬರಲು ಎಷ್ಟು ದಿನ ಹಿಡಿಯಿತು? ಒಂದು ದಿನವಾದರೆ ಚೆನ್ನಾಗಿದೆ. ಮೂರು ವಾರವಾದರೆ, ಗೋಡೆಯ ಮೇಲೆ ಎಷ್ಟು ಒಳ್ಳೆಯ ಮಾತು ಬರೆದು ಅಂಟಿಸಿದ್ದರೂ ಪ್ರಯೋಜನವಿಲ್ಲ.

ಮೊದಲು ನಿಮ್ಮ ನಿದ್ದೆ

ನಿದ್ದೆ ನನ್ನ ಸ್ವಂತ ವಿಷಯ ಅಂದುಕೊಂಡಿದ್ದೆ. ಹಾಗಲ್ಲ. ಅವತ್ತು ನಾನು ಸಿಡುಕಿದ್ದು ಫೈಲಿನ ಮೇಲಿನ ಕೋಪಕ್ಕಲ್ಲ, ಮೈ ದಣಿದಿತ್ತು. ಆ ದಣಿವಿನ ಬೆಲೆ ತೆತ್ತಿದ್ದು ಬೇರೆಯವರು.

1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಒಂದು ಲೆಕ್ಕ ಕೊಟ್ಟರು. ಸತತ 17 ಗಂಟೆ ಎಚ್ಚರ ಇದ್ದವರ ಕೈ–ಕಣ್ಣಿನ ಚುರುಕು, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿದಿತ್ತು. ಬೆಳಗ್ಗೆ 6ಕ್ಕೆ ಎದ್ದವರಿಗೆ ರಾತ್ರಿ 11ಕ್ಕೆ 17 ಗಂಟೆ ಆಗುತ್ತದೆ. ನಾನು ಮುಖ್ಯ ಇಮೇಲ್‌ಗಳನ್ನೆಲ್ಲ ಬರೆಯುತ್ತಿದ್ದದ್ದು ಆ ಹೊತ್ತಿಗೇ.

ಅದಕ್ಕೆ ಎರಡು ನಿಯಮ ಮಾಡಿಕೊಂಡೆ. ಏಳು ಗಂಟೆ ನಿದ್ದೆ ಸಿಗುವ ಹಾಗೆ ಮಲಗುವ ಸಮಯ ಗೊತ್ತು ಮಾಡಿದೆ, ಅದಕ್ಕೆ ಅಲಾರಂ ಇಟ್ಟೆ. ಏಳುವುದಕ್ಕಲ್ಲ, ಮಲಗುವುದಕ್ಕೆ. ಎರಡನೆಯದು, ನಿದ್ದೆಗೆಟ್ಟ ಮರುದಿನ ಜನರ ಬಗ್ಗೆ ಯಾವ ತೀರ್ಮಾನವನ್ನೂ ತೆಗೆದುಕೊಳ್ಳುವುದಿಲ್ಲ. ಯಾರಿಗೂ ಬುದ್ಧಿ ಹೇಳುವುದಿಲ್ಲ, ಯಾರ ಕೆಲಸವನ್ನೂ ಅಳೆಯುವುದಿಲ್ಲ. "ಇವತ್ತು ನನ್ನ ತಲೆ ಓಡ್ತಿಲ್ಲ, ನಾಳೆ ಬೆಳಗ್ಗೆ ಮಾತಾಡೋಣ್ವಾ?" ಅಂತ ಬಾಯಿಬಿಟ್ಟು ಹೇಳುತ್ತೇನೆ. ಹೀಗೆ ಹೇಳಿದ್ದಕ್ಕೆ ಇಲ್ಲಿಯ ತನಕ ಯಾರೂ ನನ್ನನ್ನು ಕೀಳಾಗಿ ಕಂಡಿಲ್ಲ.

ಮೊದಲ ಹತ್ತು ಸೆಕೆಂಡ್

ಯಾರಾದರೂ ತಪ್ಪು ಹೇಳಿಕೊಂಡು ಬಂದಾಗ ಮೊದಲ ಹತ್ತು ಸೆಕೆಂಡಿನಲ್ಲಿ ನೀವು ಹೇಗೆ ಇರುತ್ತೀರಿ ಅನ್ನುವುದರ ಮೇಲೆ, ಅವರು ಇನ್ನೊಮ್ಮೆ ಬರುತ್ತಾರೋ ಇಲ್ಲವೋ ಅನ್ನುವುದು ನಿಂತಿದೆ. ಬಂದವರು ಒಬ್ಬರೇ ಆದರೂ ಸುತ್ತ ಕೂತ ಎಂಟು ಜನ ಕಿವಿ ಕೊಟ್ಟಿರುತ್ತಾರೆ.

ಕೀಬೋರ್ಡಿನಿಂದ ಕೈ ತೆಗೆಯಿರಿ. ಕುರ್ಚಿಯನ್ನು ಅವರ ಕಡೆ ತಿರುಗಿಸಿ. ಅವರು ಪೂರ್ತಿ ಹೇಳಿ ಮುಗಿಸುವ ತನಕ ಮಧ್ಯೆ ಬಾಯಿ ಹಾಕಬೇಡಿ. ಆಮೇಲೆ "ಹೇಳಿದ್ದು ಒಳ್ಳೇದಾಯ್ತು" ಅನ್ನಿ. ನನಗೆ ಇದು ಸುಲಭಕ್ಕೆ ಬರಲಿಲ್ಲ. ಮುಖ ಗಂಟಿಕ್ಕಿಕೊಂಡು ಹೇಳಿದರೆ ಅದು ಹೇಳಿದ ಹಾಗಲ್ಲ. ಹಾಗಾಗಿ ಮೊದಲು ಒಂದು ಉಸಿರು ಪೂರ್ತಿ ಹೊರಗೆ ಬಿಡುತ್ತೇನೆ, ಆಮೇಲೆ ಮಾತು.

ಮುಂದಿನ ಪ್ರಶ್ನೆಯೂ ಮುಖ್ಯ. "ಯಾರು ಮಾಡಿದ್ದು?" ಅಂತ ಕೇಳಿದ ಕೂಡಲೇ ಎಲ್ಲರೂ ತಮ್ಮನ್ನು ಉಳಿಸಿಕೊಳ್ಳಲು ನೋಡುತ್ತಾರೆ. ಅದರ ಬದಲು "ಈಗ ತಕ್ಷಣ ಏನನ್ನ ನಿಲ್ಲಿಸಬೇಕು?" ಅಂತ ಕೇಳಿ. ಆಮೇಲೆ "ನನ್ನಿಂದ ಏನಾಗಬೇಕು?" ಅನ್ನಿ. ಹೇಗಾಯಿತು ಅನ್ನುವ ಮಾತು ಬೆಂಕಿ ಆರಿದ ಮೇಲೆ ಇರಲಿ.

ನಿಜಕ್ಕೂ ಸಮಯ ಇಲ್ಲದಿದ್ದರೆ? "ಈಗ ಆಗಲ್ಲ, ಮೂರು ಗಂಟೆಗೆ ನಾನೇ ನಿಮ್ಮ ಹತ್ರ ಬರ್ತೀನಿ" ಅನ್ನಿ. ಮೂರಕ್ಕೆ ಎದ್ದು ಹೋಗಿ. ಅವರನ್ನು ಇನ್ನೊಮ್ಮೆ ಬರುವ ಹಾಗೆ ಮಾಡಬೇಡಿ. ಒಂದು ಸಲ ಧೈರ್ಯ ಮಾಡಿದವರಿಗೆ ಎರಡನೇ ಸಲ ಅಷ್ಟೇ ಧೈರ್ಯ ಸಿಗುವುದಿಲ್ಲ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಭ್ಯಾಸ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಅಂತ ಅವರು ಅಂದುಕೊಂಡಿದ್ದರು. ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿತ್ತು. ಆ ತಂಡಗಳ ನರ್ಸುಗಳು ತಪ್ಪನ್ನು ಹೆದರದೆ ಹೇಳುತ್ತಿದ್ದರು, ಉಳಿದ ಕಡೆ ಮುಚ್ಚಿಡುತ್ತಿದ್ದರು ಅನ್ನುವುದು ಆಮೇಲೆ ತಿಳಿಯಿತು. ಇದನ್ನು ಓದಿದಾಗ ನನಗೆ ನೆನಪಾದದ್ದು ನನ್ನ ಆ ಎರಡು ವರ್ಷ. ದೂರು ಇಲ್ಲದ ತಂಡ ಅಂತ ಹೆಮ್ಮೆ ಪಡುತ್ತಿದ್ದೆ.

ಹಾಗಂತ ಎಲ್ಲವನ್ನೂ ಕ್ಷಮಿಸಿಬಿಡಿ ಅಂತ ಹೇಳುತ್ತಿಲ್ಲ. ಅದೇ ತಪ್ಪು ಮೂರನೇ ಸಲ ಆದರೆ ಕೂರಿಸಿ ಮಾತಾಡಬೇಕು, ಬೇರೆಯವರ ಎದುರಲ್ಲಿ ಅಲ್ಲ. ಗೊತ್ತಿದ್ದೂ ಬೇಕಂತಲೇ ಮುಚ್ಚಿಟ್ಟರೆ ಗಟ್ಟಿಯಾಗಿಯೇ ಹೇಳಬೇಕು. ತಾವಾಗಿ ಬಂದು ಹೇಳಿದವರಿಗೆ ಮಾತ್ರ ಯಾವತ್ತೂ ಶಿಕ್ಷೆ ಸಿಗಬಾರದು.

ಕ್ಷಮೆ ಕೇಳುವುದಿದ್ದರೆ

ನೀವು ಎಲ್ಲರ ಎದುರು ಗದರಿದ್ದರೆ ಎಲ್ಲರ ಎದುರೇ ಕ್ಷಮೆ ಕೇಳಿ. ನಾನು ಸೋಮವಾರದ ಮೀಟಿಂಗಿನಲ್ಲಿ ಹೇಳಿದೆ: "41 ಬಿಲ್ಲಿನ ತಪ್ಪು ನನ್ನದು. ನನಗೆ ಸಮಯಕ್ಕೆ ಸರಿಯಾಗಿ ಹೇಳಿದ್ದರು, ನಾನು ಕೇಳಲಿಲ್ಲ." ಅಷ್ಟೇ ಹೇಳಿದೆ. ಒತ್ತಡ ಇತ್ತು, ನಿದ್ದೆ ಇರಲಿಲ್ಲ ಅಂತ ಕಾರಣ ಸೇರಿಸಲಿಲ್ಲ. ಅದೇ ವಾರ ಇಬ್ಬರು ಬಂದು ತಮ್ಮ ತಮ್ಮ ಫೈಲಿನ ತಪ್ಪು ತೋರಿಸಿದರು. ಒಂದು ಎಂಟು ತಿಂಗಳು ಹಳೆಯದು.

ರಾತ್ರಿಯ ಮೆಸೇಜ್

"ಅರ್ಜೆಂಟ್ ಇಲ್ಲ, ನಾಳೆ ನೋಡಿ" ಅಂತ ರಾತ್ರಿ ಹತ್ತೂವರೆಗೆ ಮೆಸೇಜ್ ಹಾಕುತ್ತಿದ್ದೆ. ನಾಲ್ಕೇ ನಿಮಿಷಕ್ಕೆ ಉತ್ತರ ಬರುತ್ತಿತ್ತು. ಎಷ್ಟು ಚುರುಕಿನ ತಂಡ ಅಂತ ಖುಷಿಪಡುತ್ತಿದ್ದೆ. ಅವರು ಓದುತ್ತಿದ್ದದ್ದು ನನ್ನ ಮಾತನ್ನಲ್ಲ, ಮೆಸೇಜ್ ಬಂದ ಸಮಯವನ್ನು. ಮೇಲಿನವರು ಏನು ಹೇಳುತ್ತಾರೆ ಅನ್ನುವುದಕ್ಕಿಂತ ಏನು ಮಾಡುತ್ತಾರೆ ಅನ್ನುವುದನ್ನೇ ಜನ ನೋಡುವುದು, ಅಲ್ವಾ?

ಈಗ ರಾತ್ರಿ ಏನಾದರೂ ಹೊಳೆದರೆ ಬರೆದಿಟ್ಟು, ಮರುದಿನ ಬೆಳಗ್ಗೆ ಒಂಬತ್ತಕ್ಕೆ ಹೋಗುವ ಹಾಗೆ ಶೆಡ್ಯೂಲ್ ಮಾಡುತ್ತೇನೆ. ನಿಜವಾದ ಅರ್ಜೆಂಟ್ ಇದ್ದರೆ ಫೋನ್ ಮಾಡುತ್ತೇನೆ ಅಂತ ಎಲ್ಲರಿಗೂ ಹೇಳಿದ್ದೇನೆ. ಫೋನ್ ಬಂದಿಲ್ಲ ಅಂದರೆ ಅರ್ಜೆಂಟ್ ಇಲ್ಲ. ಫ್ರಾನ್ಸ್‌ನಲ್ಲಿ 50 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಕಂಪನಿಗಳು ಕೆಲಸದ ಹೊತ್ತು ಮುಗಿದ ಮೇಲಿನ ಮೆಸೇಜ್, ಇಮೇಲ್‌ಗಳ ಬಗ್ಗೆ ನೌಕರರ ಜೊತೆ ಮಾತಾಡಬೇಕು ಅಂತ 2017ರಲ್ಲಿ ಕಾನೂನೇ ಬಂತು. ಒಂಬತ್ತು ಜನರ ತಂಡಕ್ಕೆ ಕಾನೂನು ಬೇಕಿಲ್ಲ, ನಾಯಕರ ಫೋನ್ ಸುಮ್ಮನಿದ್ದರೆ ಸಾಕು.

ಯಾರಾದರೂ ಬಾಡುತ್ತಿದ್ದರೆ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂತ ವಿವರಿಸಿತು. ಕಾಯಿಲೆ ಅಂತ ಅಲ್ಲ, ಸಂಭಾಳಿಸಲಾಗದೆ ಉಳಿದ ಕೆಲಸದ ಒತ್ತಡದ ಫಲ ಅಂತ. ಅದಕ್ಕೆ ಮೂರು ಗುರುತು ಹೇಳಿದೆ: ಶಕ್ತಿ ಪೂರ್ತಿ ಬತ್ತಿದ ಹಾಗಾಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು ಅಥವಾ ಅದರ ಬಗ್ಗೆ ಕಹಿ ಹುಟ್ಟುವುದು, ಮೊದಲಿನ ಹಾಗೆ ಕೆಲಸ ಮಾಡಲು ಆಗದಿರುವುದು.

ನನ್ನ ಕಣ್ಣಿಗೆ ಮೊದಲು ಬೀಳುವುದು ಎರಡನೆಯದು. ಮೀಟಿಂಗಿನಲ್ಲಿ ವಾದ ಮಾಡುತ್ತಿದ್ದವರು ಇದ್ದಕ್ಕಿದ್ದಂತೆ "ನೀವು ಹೇಳಿದ ಹಾಗೆ ಆಗಲಿ" ಅನ್ನಲು ಶುರು ಮಾಡಿದರೆ ನಾನು ಎಚ್ಚರವಾಗುತ್ತೇನೆ. ಎರಡು ವಾರಕ್ಕೊಮ್ಮೆ ಪ್ರತಿಯೊಬ್ಬರ ಜೊತೆ ಅರ್ಧ ಗಂಟೆ ಕೂರುವುದು ಇದಕ್ಕಾಗಿಯೇ. "ಹೇಗಿದ್ದೀರಿ?" ಅಂತ ಕೇಳಿದರೆ "ಚೆನ್ನಾಗಿದ್ದೀನಿ" ಅನ್ನುವ ಉತ್ತರವೇ ಬರುತ್ತದೆ. "ಈ ವಾರ ಯಾವ ಕೆಲಸ ನಿಮ್ಮನ್ನ ಜಾಸ್ತಿ ಸುಸ್ತು ಮಾಡಿತು?" ಅಂತ ಕೇಳಿ ನೋಡಿ. ಈ ಅರ್ಧ ಗಂಟೆಯನ್ನು ಬೇರೆ ಕೆಲಸಕ್ಕಾಗಿ ರದ್ದು ಮಾಡಬೇಡಿ.

ಉತ್ತರ ಸಿಕ್ಕ ಮೇಲೆ ಕೆಲಸ ಕಡಿಮೆ ಮಾಡಿ. "ಆರೋಗ್ಯ ನೋಡ್ಕೊಳ್ಳಿ" ಅಂತ ಹೇಳಿ ಅದೇ ಹೊರೆ ಹೊರಿಸುವುದು ಅನ್ಯಾಯ. ಒಬ್ಬರು ದಿನವೂ ಸಂಜೆ ಒಂದು ಗಂಟೆ ಕೂತು ಒಂದು ವರದಿ ಮಾಡುತ್ತಿದ್ದರು. ಅದನ್ನು ಯಾರು ಓದುತ್ತಾರೆ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಎರಡು ವಾರ ಕಳಿಸದೆ ನೋಡೋಣ, ಕೇಳಿದರೆ ಉತ್ತರ ನಾನು ಕೊಡುತ್ತೇನೆ ಅಂದೆ. ಯಾರೂ ಕೇಳಲಿಲ್ಲ. ಅವರಿಗೆ ವಾರಕ್ಕೆ ಐದು ಗಂಟೆ ಉಳಿಯಿತು. ನಿದ್ದೆ, ಊಟ ಎರಡೂ ತಪ್ಪಿದ್ದವರು ಕಂಡರೆ ಮಾತ್ರ ನೀವು ವೈದ್ಯರಾಗಲು ಹೋಗಬೇಡಿ. ರಜೆ ಕೊಟ್ಟು, ವೈದ್ಯರನ್ನು ನೋಡಲು ಹೇಳಿ.

ನಿಮ್ಮ ರಜೆ

ರಜೆಯಲ್ಲಿದ್ದೂ ಇಮೇಲಿಗೆ ಉತ್ತರ ಕೊಡುವ ನಾಯಕರ ತಂಡದಲ್ಲಿ ಯಾರೂ ನೆಮ್ಮದಿಯಿಂದ ರಜೆ ಹಾಕುವುದಿಲ್ಲ. ಹೊರಡುವ ಮುಂಚೆ ಯಾವ ತೀರ್ಮಾನ ಯಾರದ್ದು ಅಂತ ಬರೆದು ಕೊಡಿ. ಹೋದ ಮೇಲೆ ಇಣುಕಬೇಡಿ.

ಹೋದ ವರ್ಷ ನಾನು ಹತ್ತು ದಿನ ರಜೆ ಹಾಕಿದ್ದೆ. ವಾಪಸ್ ಬಂದಾಗ ತಂಡದವರು ಏಳು ತೀರ್ಮಾನ ತೆಗೆದುಕೊಂಡಿದ್ದರು. ಎರಡನ್ನು ನಾನಾಗಿದ್ದರೆ ಬೇರೆ ರೀತಿ ಮಾಡುತ್ತಿದ್ದೆ. ಅದನ್ನು ಅವರಿಗೆ ಹೇಳಿದೆ, ಯಾಕೆ ಅಂತಲೂ ಹೇಳಿದೆ. ಬದಲಿಸಲು ಮಾತ್ರ ಹೋಗಲಿಲ್ಲ. ಬದಲಿಸಿದ್ದರೆ ಮುಂದಿನ ರಜೆಯ ಮೊದಲ ದಿನವೇ ನನ್ನ ಫೋನ್ ಬಡಿದುಕೊಳ್ಳುತ್ತಿತ್ತು.