ಬೆಳ್ಳಿ ಮಣಿಯಾಯಿತು, ಚಿನ್ನ ಎಳೆಯಾಗೇ ಉಳಿಯಿತು

ಬೆಂಗಳೂರಲ್ಲಿ ದ್ರವ ಹೀಲಿಯಂ 4.2 ಕೆಲ್ವಿನ್‌ಗೆ, ಅಂದರೆ ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ಗೆ, ಕುದಿಯುವುದಿಲ್ಲ. ಪುಸ್ತಕದಲ್ಲಿರುವುದು ಸಮುದ್ರಮಟ್ಟದ ಲೆಕ್ಕ. ನಮ್ಮೂರು 900 ಮೀಟರಿಗೂ ಎತ್ತರ, ಗಾಳಿಯ ಒತ್ತಡ ಕಮ್ಮಿ, ಹಾಗಾಗಿ ಇಲ್ಲಿ 4.1ರ ಹತ್ತಿರವೇ ಕುದಿ ಬರುತ್ತದೆ. ಮೊದಲ ಸಲ ಥರ್ಮಾಮೀಟರ್ ಕೆಟ್ಟಿದೆ ಅಂದುಕೊಂಡು ಅರ್ಧ ದಿನ ಸುಮ್ನೆ ಹಾಳು ಮಾಡಿದೆ.

ನಾನು ಮಾಡಹೊರಟಿದ್ದು ಕೂದಲಿಗಿಂತ ಹತ್ತು ಸಾವಿರ ಪಟ್ಟು ಸಣ್ಣ ಲೋಹದ ತಂತಿ. ದಾರಿ ತೋರಿಸಿದ್ದು ರಷ್ಯಾದ ಚೆರ್ನೊಗೊಲೊವ್ಕಾದ ವಿಜ್ಞಾನಿ ಗಾರ್ಡನ್ ಅವರ ತಂಡ. ಹೀಲಿಯಂ 2.17 ಕೆಲ್ವಿನ್‌ಗಿಂತ ತಣ್ಣಗಾದರೆ ಸೂಪರ್‌ಫ್ಲೂಯಿಡ್, ಅಂದರೆ ತಡೆಯೇ ಇಲ್ಲದೆ ಹರಿಯುವ ದ್ರವ, ಆಗುತ್ತದೆ. ಅದರಲ್ಲಿ ಸುಳಿ ಎದ್ದರೆ ಅದರ ನಡುವಿನ ತಿರುಳು ಒಂದು ಪರಮಾಣುವಿನಷ್ಟೇ ದಪ್ಪ. ಮಡುವಿನ ಸುಳಿಗೆ ತರಗೆಲೆ ಸೇರುತ್ತದಲ್ವಾ, ಹಾಗೆ ಒಳಗೆ ತೇಲುವ ಲೋಹದ ಕಣಗಳು ಆ ತಿರುಳಿಗೆ ಸೇರಿ ಸಾಲಾಗಿ ಅಂಟಿಕೊಳ್ಳುತ್ತವೆ. ಅಚ್ಚು ಬೇಡ, ರಾಸಾಯನಿಕ ಬೇಡ.

ತಣ್ಣಗೆ ಮಾಡುವುದು ಸುಲಭ: ಮೇಲಿನ ಆವಿಯನ್ನು ಪಂಪಿನಿಂದ ಎಳೆಯುತ್ತಾ ಹೋಗುವುದು. ಆದರೆ 1.6 ಕೆಲ್ವಿನ್‌ಗೆ ಬರುವಷ್ಟರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಹೀಲಿಯಂ ಆವಿಯಾಗಿ ಹೋಗಿರುತ್ತದೆ. ಹೊರದೇಶದಿಂದ ಬರುವ ಅನಿಲ ಅದು. ಹಿಡಿದು ವಾಪಸ್ ಕಳಿಸುವ ಪೈಪ್ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಪಂಪ್ ಓಡುತ್ತಿರುವಾಗ ಕಿಟಕಿಯಲ್ಲಿ ನೋಡುತ್ತಾ ಕೂತಿದ್ದೆ. ಬುಳುಬುಳು ಕುದಿಯುತ್ತಿದ್ದ ದ್ರವ 2.17 ದಾಟಿದ್ದೇ ಒಂದೇ ಕ್ಷಣದಲ್ಲಿ ಗಾಜಿನ ಹಾಗೆ ನಿಂತುಬಿಟ್ಟಿತು. ಒಂದು ಗುಳ್ಳೆಯೂ ಇಲ್ಲ. ಶಾಖ ಅದರೊಳಗೆ ಎಷ್ಟು ಬೇಗ ಹರಿಯುತ್ತದೆ ಅಂದರೆ, ಗುಳ್ಳೆ ಏಳಲು ಬೇಕಾದ ಬಿಸಿ ಜಾಗವೇ ಒಳಗೆಲ್ಲೂ ಉಳಿಯುವುದಿಲ್ಲ. ಎಷ್ಟು ಸಲ ನೋಡಿದರೂ ನನಗೆ ಬೇಜಾರಾಗಿಲ್ಲ.

ಆ ಖುಷಿ ಹತ್ತು ನಿಮಿಷ ಇತ್ತು. ಆಮೇಲೆ ಪಾತ್ರೆಯ ಸುತ್ತ ಶಾಖ ತಡೆಯಲು ಇರುವ ನಿರ್ವಾತ ಕೆಡತೊಡಗಿತು. 4 ಕೆಲ್ವಿನ್‌ನಲ್ಲಿ ಹನಿಯೂ ಸೋರದ ಸೀಲ್, ಸೂಪರ್‌ಫ್ಲೂಯಿಡ್‌ಗೆ ಬಾಗಿಲು ತೆರೆದುಕೊಟ್ಟಿತ್ತು. ಅದಕ್ಕೆ ಜಿಗುಟೇ ಇಲ್ಲ, ಯಾವ ಸಂದಿಯಲ್ಲೂ ನುಸುಳುತ್ತದೆ. ಎಲ್ಲ ಬಿಚ್ಚಿ, ಕಿಟಕಿಗೆ ಸೀಲ್ ಆಗಿ ಹೊಸ ಇಂಡಿಯಂ (ಮೆತ್ತನೆಯ ಲೋಹ) ತಂತಿ ಹಾಕಿ, ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆ. ಇದೇ ಕೆಲಸ ಮೂರು ಸಲ ಆಯಿತು. ಜೊತೆಗೆ ಅದು ಮಳೆಗಾಲ. ಡ್ಯೂವಾರ್ (ಹೀಲಿಯಂ ಇಡುವ ಥರ್ಮಾಸ್‌ನಂಥ ಪಾತ್ರೆ) ಬಾಯಿ ಸ್ವಲ್ಪ ತೆರೆದಿದ್ದರೂ ತೇವದ ಗಾಳಿ ಒಳಗೆ ಹೋಗಿ ಮಂಜುಗಡ್ಡೆಯ ಬಿರಡೆಯಾಗುತ್ತಿತ್ತು. ಬಿರಡೆ ಕಟ್ಟಿದರೆ ಒಳಗೆ ಒತ್ತಡ ಏರುತ್ತದೆ. ತಮಾಷೆ ಅಲ್ಲ ಅದು.

ಕೊನೆಗೂ ಲೇಸರ್ ಹೊಡೆದೆ. ದ್ರವದಲ್ಲಿ ಮುಳುಗಿದ ಬೆಳ್ಳಿ ತಗಡು, ಅದರ ಕೆಳಗೆ ತಂತಿ ಹಿಡಿಯಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಜಾಲರಿಗಳು. ಒಂದೊಂದು ಹೊಡೆತಕ್ಕೂ ತಗಡಿನಿಂದ ಲೋಹ ಕಿತ್ತು ಬರುತ್ತದೆ. ಒಂದು ಗಂಟೆಗಿಂತ ಜಾಸ್ತಿ ಓಡಿಸಿ, ರಾತ್ರಿಯಿಡೀ ನಿಧಾನವಾಗಿ ಬಿಸಿಯಾಗಲು ಬಿಟ್ಟೆ.

ಬೆಳಗ್ಗೆ ನೋಡಿದರೆ ತಂತಿಯೇ ಇಲ್ಲ! ಹರಿದ ಸರದ ಮಣಿಗಳ ಹಾಗೆ ಸಾಲು ಸಾಲು ಉಂಡೆಗಳು. ಮೊದಲು ಲೇಸರಿನ ಶಕ್ತಿ ಬದಲಿಸಿದೆ, ಉಪಯೋಗವಾಗಲಿಲ್ಲ. ಆ ಸಾಲನ್ನೇ ದಿಟ್ಟಿಸಿದ ಮೇಲೆ ಹೊಳೆಯಿತು: ತಂತಿ ಆಗಿತ್ತು, ಕೋಣೆಯ ಬಿಸಿಗೆ ಬರುವ ದಾರಿಯಲ್ಲಿ ಒಡೆದಿತ್ತು. ನಲ್ಲಿಯ ಸಣ್ಣ ನೀರಿನ ಎಳೆ ಹನಿಹನಿಯಾಗುವುದಿಲ್ಲವೇ, ಅದೇ ಕಥೆ. ಬೆಳ್ಳಿ ಕರಗುವುದು 962 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಿಜ. ಆದರೆ ಐದಾರು ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ದಪ್ಪಕ್ಕೆ ಇಳಿದರೆ ಕೋಣೆಯ ಬಿಸಿಗೇ ಮೇಲ್ಮೈ ಪರಮಾಣುಗಳು ಸರಿದಾಡುತ್ತವೆ.

ಹಾಗಾಗಿ ಚಿನ್ನಕ್ಕೆ ಹೋದೆ. 22 ಕ್ಯಾರೆಟ್ ಆಗದು, ಅದರಲ್ಲಿ ತಾಮ್ರ ಇರುತ್ತದೆ. ಅವೆನ್ಯೂ ರೋಡಿನ ಅಂಗಡಿಯಲ್ಲಿ 24 ಕ್ಯಾರೆಟ್‌ನ ಚಿಕ್ಕ ತಗಡು ಕೇಳಿದೆ. ಏನಕ್ಕೆ ಅಂದರು. ಸುಡೋಕೆ ಅಂದೆ. ಅವರು ಬಿಲ್ ಬರೆಯುವುದು ನಿಲ್ಲಿಸಿ ಮುಖ ನೋಡಿದರು.

ಚಿನ್ನದ ಎಳೆಗಳು ಉಳಿದವು. ಬಲೆಯ ಹಾಗೆ ಹೆಣೆದುಕೊಂಡಿದ್ದವು, ದಪ್ಪ ನಾಲ್ಕೂವರೆ ನ್ಯಾನೋಮೀಟರಿನ ಆಸುಪಾಸು, ಗಾರ್ಡನ್ ತಂಡ ಬರೆದ ಹಾಗೇ. ಈ ದಪ್ಪ ನನ್ನ ಕೈಯಲ್ಲಿಲ್ಲ. ಎರಡು ಕಣ ಸೇರುವಾಗ ಹುಟ್ಟುವ ಶಾಖಕ್ಕೆ ಅವು ಕರಗಿ ಒಂದೇ ಉಂಡೆಯಾಗುತ್ತವೆ. ಉಂಡೆ ದೊಡ್ಡದಾದಂತೆ ಆ ಶಾಖ ಸಾಲುವುದಿಲ್ಲ, ಇದ್ದ ಹಾಗೇ ಅಂಟಿಕೊಳ್ಳುತ್ತವೆ. ದಪ್ಪ ನಿಲ್ಲುವುದು ಅಲ್ಲೇ. ಕರಗಲು ಕಷ್ಟವಾದ ಲೋಹಕ್ಕೆ ಎಳೆ ಇನ್ನೂ ಸಣ್ಣ. ಪ್ಲಾಟಿನಂಗೆ ಬರೀ 3 ನ್ಯಾನೋಮೀಟರ್.

ಪ್ಲಾಟಿನಂ ತಗಡಿಗೆ ಅರ್ಜಿ ಕೊಟ್ಟಿದ್ದೇನೆ. ಸಹಿ ಇನ್ನೂ ಆಗಿಲ್ಲ.